ಗೊತ್ತಿಲ್ಲ ಎನ್ನಲು ಬಿಡದ ತರಗತಿ

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂದಾಗ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿತು. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ 91.12 ಮಕ್ಕಳು ಪಾಸಾಗಿದ್ದರು. ಆಮೇಲೆ ನಡೆದದ್ದು ಪ್ರತಿವರ್ಷದ ಹಾಗೆಯೇ. ಕಾರಣ ಕೇಳುವ ನೋಟಿಸುಗಳು, ಪರಿಶೀಲನಾ ಸಭೆಗಳು, ಹತ್ತನೇ ತರಗತಿಗೆ ವಿಶೇಷ ತರಗತಿಗಳ ಘೋಷಣೆ. ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಡೆಯ ಮಕ್ಕಳ ಬಗ್ಗೆ ಹಗುರವಾದ ಮಾತುಗಳೂ ಬಂದವು. ಹತ್ತನೇ ತರಗತಿಯಲ್ಲಿ ಬಯಲಾದ ಈ ಕೊರತೆಯ ಬೇರು ಆರು, ಏಳು, ಎಂಟನೇ ತರಗತಿಗಳಲ್ಲಿದೆ ಎಂಬುದು ಶಾಲೆಯೊಳಗಿನ ಎಲ್ಲರಿಗೂ ಗೊತ್ತು. ಆ ಮೂರು ವರ್ಷಗಳಲ್ಲಿ ಮಕ್ಕಳು ಏನು ಕಲಿಯಲಿಲ್ಲ ಎಂಬುದು ಅರ್ಧ ಮಾತು. ಅದನ್ನು ಮುಚ್ಚಿಡುವುದನ್ನು ಅವರು ಎಷ್ಟು ಚೆನ್ನಾಗಿ ಕಲಿತರು, ಆ ವಿದ್ಯೆಯನ್ನು ಅವರಿಗೆ ಯಾರು ಕಲಿಸಿದರು ಎಂಬುದು ಉಳಿದರ್ಧ. ನಾನು ಹೇಳಬೇಕಿರುವುದು ಈ ಉಳಿದರ್ಧದ ಬಗ್ಗೆ.

ಮೊದಲು ಅಂಕಿಗಳನ್ನು ನೋಡೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಯಲ್ಲೂ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಹಾಗೆ ಏರಿಸದಿದ್ದರೆ ಅರ್ಧದಷ್ಟು ಮಕ್ಕಳು ಮಾತ್ರ ದಾಟುತ್ತಿದ್ದರು. ಹಿಂದಿನ ವರ್ಷ ರಾಜ್ಯಕ್ಕೇ ಮೊದಲು ಬಂದಿದ್ದ ಚಿತ್ರದುರ್ಗ ಒಂದೇ ಏಟಿಗೆ 21ನೇ ಸ್ಥಾನಕ್ಕೆ ಇಳಿಯಿತು. ಆದ್ದರಿಂದ ಇದು ಭೀಮಾ ತೀರದವರಿಗಷ್ಟೇ ಅಂಟಿದ ರೋಗ ಎಂದು ಯಾರೂ ಹೇಳಬೇಕಾಗಿಲ್ಲ. ಒಂದು ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾಗುವುದಿಲ್ಲ, ಶಿಕ್ಷಕರೆಲ್ಲ ಸೋಮಾರಿಗಳಾಗುವುದೂ ಇಲ್ಲ. ಈ ಕುಸಿತಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೂ ಕ್ಯಾಮೆರಾ ಬಂದ ವರ್ಷವೇ ಇಷ್ಟು ಅಂತರ ಬಿದ್ದಿದೆ ಎಂದರೆ, ಹಿಂದಿನ ಅಂಕಗಳು ಪೂರ್ತಿ ಮಕ್ಕಳವಾಗಿರಲಿಲ್ಲ ಎಂದು ಒಪ್ಪದೆ ಬೇರೆ ದಾರಿಯಿಲ್ಲ.

ಕ್ಯಾಮೆರಾ ಹಾಕಿದ್ದು ಸರಿಯಾದ ಕೆಲಸ. ಆದರೆ ಅದು ಬಂದದ್ದು ತಡವಾಗಿ, ಮಗುವಿಗೆ ಹದಿನೈದು ಹದಿನಾರು ತುಂಬಿದ ಮೇಲೆ. ಹನ್ನೊಂದನೇ ವಯಸ್ಸಿನಿಂದ ನೋಡಿ ಬರೆಯುವುದನ್ನೇ ಬರೆಯುವುದು ಎಂದುಕೊಂಡು ಬೆಳೆದ ಮಗುವನ್ನು ಒಮ್ಮೆಲೇ ಕ್ಯಾಮೆರಾದ ಎದುರು ಕೂರಿಸಿ ಈಗ ನಿನ್ನದನ್ನು ಬರೆ ಅಂದರೆ ಅದು ಏನು ಬರೆದೀತು?

ಆಳಂದ ತಾಲ್ಲೂಕಿನ ನರೋಣಾ ಹೋಬಳಿಯನ್ನೇ ತೆಗೆದುಕೊಳ್ಳಿ. ನರೋಣಾದಲ್ಲೋ, ಸುತ್ತಲಿನ ಹಳ್ಳಿಗಳಲ್ಲೋ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ), ಎರಡು ಸಂಕಲನಾತ್ಮಕ ಮೌಲ್ಯಮಾಪನ (ಎಸ್‌ಎ). ಪ್ರತಿಯೊಂದಕ್ಕೂ ಚಟುವಟಿಕೆ, ಪ್ರಾಜೆಕ್ಟು, ಕಿರುಪರೀಕ್ಷೆ. ಅಂಕಗಳನ್ನು ನಿಗದಿತ ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ತರಗತಿಯ ಮೂರನೇ ಒಂದು ಭಾಗ ಮಕ್ಕಳಿಗೆ ಪಾಠದ ಸಾಲುಗಳನ್ನು ಸರಾಗವಾಗಿ ಓದಲು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಅಂಥ ಮಕ್ಕಳಿಗೆ ‘ದ್ಯುತಿಸಂಶ್ಲೇಷಣೆ ಎಂದರೇನು’ ಎಂಬ ಪ್ರಶ್ನೆ ಬರುತ್ತದೆ. ಒಬ್ಬ ಹುಡುಗ ಎದ್ದು, ‘ಸರ್, ನಂಗ ಇದು ಬರಲ್ರೀ’ ಅನ್ನುತ್ತಾನೆ. ಇಡೀ ವರ್ಷದಲ್ಲಿ ಆ ತರಗತಿಯಲ್ಲಿ ಯಾರಾದರೂ ಆಡಬಹುದಾದ ಅತ್ಯಂತ ಪ್ರಾಮಾಣಿಕ ಮಾತು ಅದು. ಅದಕ್ಕೆ ಸಿಗುವ ಉತ್ತರ: ‘ಬರಲ್ಲಂದ್ರ ಬೋರ್ಡ್ ನೋಡಿ ಬರಿ.’

ಹೀಗೆ ಹೇಳುವ ಶಿಕ್ಷಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅವರು ಒಂದೇ ಹೊತ್ತಿಗೆ ಎರಡು ತರಗತಿ ನೋಡುತ್ತಿರುತ್ತಾರೆ. ಖಾಲಿ ಹುದ್ದೆಗಳು ಅತಿಥಿ ಶಿಕ್ಷಕರಿಂದ ತುಂಬುವ ಹೊತ್ತಿಗೆ ಒಂದು ಎಫ್‌ಎ ಮುಗಿದಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ನೆರೆ ಬಂದರೆ ಜನ ಮೊದಲು ಹೋಗಿ ನಿಲ್ಲುವುದು ಶಾಲೆಯ ಕಟ್ಟಡದಲ್ಲೇ. ಮುಂದೆ ತೊಗರಿ ರಾಶಿಯ ಕಾಲ, ಕಬ್ಬು ಕಡಿಯುವ ಕಾಲ. ಅಪ್ಪ ಅವ್ವ ಪುಣೆಗೋ ಮುಂಬೈಗೋ ದುಡಿಯಲು ಹೊರಟರೆ ಮಗುವೂ ಜೊತೆಗೆ ಹೋಗುತ್ತದೆ, ಇಲ್ಲವೇ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತದೆ. ಎರಡು ತಿಂಗಳು ಬಿಟ್ಟು ಬಂದ ಮಗುವಿಗೆ ಭಿನ್ನರಾಶಿ ಬರದಿದ್ದರೆ ಅದು ಮಗುವಿನ ತಪ್ಪಲ್ಲ, ಶಿಕ್ಷಕರ ತಪ್ಪೂ ಅಲ್ಲದಿರಬಹುದು.

ತಪ್ಪು ಆಗುವುದು ಮುಂದಿನ ಹೆಜ್ಜೆಯಲ್ಲಿ. ಭಿನ್ನರಾಶಿ ಬರದ ಮಗುವಿನ ಹೆಸರಿನ ಮುಂದೆ ‘ಬಿ ಪ್ಲಸ್’ ಎಂದು ಬರೆದಾಗ ಆ ಎರಡು ತಿಂಗಳು ದಾಖಲೆಯಿಂದ ಅಳಿಸಿಹೋಗುತ್ತವೆ. ಎಂಟನೇ ತರಗತಿಯ ಹೊಸ ಶಿಕ್ಷಕಿ ದಾಖಲೆ ನೋಡುತ್ತಾರೆ, ಮಗುವಿಗೆ ಭಿನ್ನರಾಶಿ ಬರುತ್ತದೆ ಎಂದುಕೊಂಡು ಬೀಜಗಣಿತ ಶುರುಮಾಡುತ್ತಾರೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ನೋಡುತ್ತಾರೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ನೋಡುತ್ತದೆ, ಬೆಂಗಳೂರಿನಲ್ಲಿ ಯೋಜನೆ ಮಾಡುವವರು ನೋಡುತ್ತಾರೆ. ಎಲ್ಲರಿಗೂ ಕಾಣುವುದು ಸರಿಯಾದ ಉತ್ತರವೇ. ಈ ಮಗುವಿಗೆ ಸಹಾಯ ಬೇಕು ಎಂಬ ಸುದ್ದಿ ಮಾತ್ರ ಎಲ್ಲಿಗೂ ತಲುಪುವುದಿಲ್ಲ. ನಕಲಿನ ಬಗ್ಗೆ ನಾವು ಮಾತಾಡುವಾಗಲೆಲ್ಲ ಯಾರೋ ಇನ್ನೊಬ್ಬರ ಅಂಕ ಕದ್ದರು ಎಂಬ ಧಾಟಿಯಲ್ಲಿ ಮಾತಾಡುತ್ತೇವೆ. ಈ ವಯಸ್ಸಿನಲ್ಲಿ ನಕಲು ಮಾಡಿದ ಮಗುವಿನಿಂದಲೇ ಕಳುವಾಗುವ ಒಂದು ವಸ್ತುವಿದೆ. ತನಗೆ ಬರುವುದಿಲ್ಲ ಎಂದು ದೊಡ್ಡವರಿಗೆ ತಿಳಿಸುವ ಅದರ ಹಕ್ಕು ಅದು.

ಇದು ಎಷ್ಟು ನಿಜ ಎಂದು ತಿಳಿಯಲು ಅಮೆರಿಕದ ಅಟ್ಲಾಂಟಾ ನಗರದ ಪ್ರಕರಣ ನೋಡಬೇಕು. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ರಾಜ್ಯಮಟ್ಟದ ಪರೀಕ್ಷೆಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚು ಅಂಕ ಪಡೆಯುತ್ತಿದ್ದರು, ಇಡೀ ದೇಶ ಕೊಂಡಾಡುತ್ತಿತ್ತು. ಉತ್ತರ ಪತ್ರಿಕೆಗಳಲ್ಲಿ ಅಳಿಸಿ ತಿದ್ದಿದ ಗುರುತುಗಳು ವಿಪರೀತವಾಗಿರುವುದು ಕಂಡುಬಂದ ಮೇಲೆ ತನಿಖೆ ನಡೆಯಿತು. 2011ರಲ್ಲಿ ಹೊರಬಂದ ವರದಿ 44 ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಮುಖ್ಯಸ್ಥರು ಭಾಗಿಯಾಗಿದ್ದಾರೆ ಎಂದಿತು. ಮಕ್ಕಳ ತಪ್ಪು ಉತ್ತರಗಳನ್ನು ದೊಡ್ಡವರೇ ಕೂತು ತಿದ್ದಿದ್ದರು. ಬಡವರ, ಕರಿಯರ ಬಡಾವಣೆಗಳ ಮಿಡ್ಲ್ ಸ್ಕೂಲುಗಳೂ ಅವುಗಳಲ್ಲಿದ್ದವು. ಗುರಿ ಮುಟ್ಟದಿದ್ದರೆ ಕೆಲಸ ಹೋಗುತ್ತದೆ ಎಂಬ ಭಯದಲ್ಲಿ ಆ ಶಿಕ್ಷಕರು ಬದುಕುತ್ತಿದ್ದರು. 2015ರಲ್ಲಿ 11 ಮಂದಿ ತಪ್ಪಿತಸ್ಥರೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ನನ್ನನ್ನು ಹೆಚ್ಚು ಕಾಡುವುದು ಆ ತೀರ್ಪಿಗಿಂತ ಮಕ್ಕಳ ಗತಿ. ಓದು ಬರದ ಮಕ್ಕಳಿಗೆ ಅಲ್ಲಿ ಹೆಚ್ಚಿನ ಬೋಧನೆಯ ಸೌಲಭ್ಯವಿತ್ತು. ತಿದ್ದಿದ ಅಂಕಗಳಿಂದ ಪಾಸಾದ ಮಕ್ಕಳು ಆ ಸೌಲಭ್ಯಕ್ಕೆ ಅರ್ಹರೇ ಅಲ್ಲ ಎಂದಾಗಿಬಿಟ್ಟಿತು. ಅವರಿಗೆ ಒಳ್ಳೆಯದಾಗಲಿ ಎಂದು ತಿದ್ದಿದ ಕೈಗಳೇ ಅವರಿಗೆ ಸಿಗಬೇಕಾದ ಪಾಠವನ್ನು ತಪ್ಪಿಸಿದವು.

ನಮ್ಮ ಕಡೆ ನಕಲಿನ ಪರವಾಗಿ ಬಾಯಿಬಿಟ್ಟು ಹೇಳದ, ಆದರೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ಒಂದು ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ‘ಮಂಗಳೂರು, ಬೆಂಗಳೂರಿನ ಮಕ್ಕಳಿಗೆ ಟ್ಯೂಷನ್ ಇದೆ, ಓದಿದ ಅಪ್ಪ ಅಮ್ಮ ಇದ್ದಾರೆ. ನಮ್ಮ ಮಕ್ಕಳು ಮನೆಯಲ್ಲಿ ಮೊದಲ ಸಲ ಅಕ್ಷರ ಹಿಡಿದವರು. ಒಂದಿಷ್ಟು ಹೇಳಿಕೊಟ್ಟರೆ ತಪ್ಪೇನು, ಪಾಸಾಗಿ ಮುಂದೆ ಹೋಗಲಿ.’ ಈ ಮಾತಿನ ಹಿಂದಿರುವ ನೋವು ನಿಜವಾದದ್ದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು 39ನ್ನು ಗುರುತಿಸಿದಾಗ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದಲ್ಲೇ ಇದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಈ ಅಸಮಾನತೆಯನ್ನು ಮಕ್ಕಳು ಹುಟ್ಟಿಸಿಲ್ಲ.

ಆದರೆ ನಕಲು ಈ ಅಸಮಾನತೆಯನ್ನು ನೀಗಿಸುತ್ತದೆಯೇ? ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ನರೋಣಾದ ಮಗುವಿಗೆ ಅದು ಮನೆಯ ಹತ್ತಿರದ ವಿಶ್ವವಿದ್ಯಾಲಯ. ಅಲ್ಲಿ ಪದವಿಗೆ ಸೇರಲು 2022ರಿಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿ ಬೋರ್ಡ್ ಮೇಲೆ ಉತ್ತರ ಬರೆದುಕೊಡುವ ಸರ್ ಇರುವುದಿಲ್ಲ. ಸಂವಿಧಾನದ 371ಜೆ ವಿಧಿಯನ್ನು ಈ ಭಾಗದ ಜನ ದಶಕಗಳ ಹೋರಾಟದಿಂದ ಪಡೆದರು. ಅದರ ಫಲವಾಗಿ ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನವರಿಗೆ ಮೀಸಲು. ಆ ಸೀಟಿನಲ್ಲಿ ಕೂತ ಮೇಲೆ ಗಣಿತ, ರಸಾಯನಶಾಸ್ತ್ರ ಯಾವ ಪ್ರದೇಶದವನೆಂದು ಕೇಳುವುದಿಲ್ಲ. ಏಳನೇ ತರಗತಿಯಲ್ಲಿ ಹೇಳಿಕೊಟ್ಟ ಉತ್ತರ ಏಳನೇ ತರಗತಿಯನ್ನಷ್ಟೇ ದಾಟಿಸುತ್ತದೆ. ಸಿರಿವಂತರ ಮಗು ನಕಲು ಮಾಡಿದರೂ ಮನೆಗೆ ಬಂದ ಟ್ಯೂಷನ್ ಮೇಷ್ಟ್ರು ಆ ಕೊರತೆಯನ್ನು ಹೇಗೋ ತುಂಬುತ್ತಾರೆ. ಬಡವರ ಮಗುವಿಗೆ ಶಾಲೆಯೊಂದೇ ಗತಿ. ಆದ್ದರಿಂದ ನಕಲು ಹೆಚ್ಚು ಕೆಡಿಸುವುದು ಬಡ ಮಗುವನ್ನೇ.

ಇನ್ನೊಂದು ಸಂಗತಿಯನ್ನು ಹೇಳಲು ನನಗೆ ನೋವಾಗುತ್ತದೆ, ಆದರೂ ಹೇಳಲೇಬೇಕು. 2021ರ ಅಕ್ಟೋಬರಿನಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಶಾಲೆಯ ಕೇಂದ್ರದಲ್ಲಿ ಅಭ್ಯರ್ಥಿಗಳು ಒಎಂಆರ್ ಹಾಳೆಯನ್ನು ಖಾಲಿ ಬಿಟ್ಟು ಎದ್ದರು, ಆಮೇಲೆ ಮೇಲ್ವಿಚಾರಣೆಯ ಸಿಬ್ಬಂದಿಯೇ ಅದನ್ನು ತುಂಬಿದರು ಎಂಬ ಆರೋಪದ ಮೇಲೆ ಸಿಐಡಿ ತನಿಖೆ ನಡೆಸಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. 2024ರ ಜನವರಿಯಲ್ಲಿ ಮರುಪರೀಕ್ಷೆ ಆಗುವವರೆಗೆ ಪ್ರಾಮಾಣಿಕವಾಗಿ ಓದಿ ಬರೆದಿದ್ದ ಸಾವಿರಾರು ಹುಡುಗ ಹುಡುಗಿಯರ ವರ್ಷಗಳು ಹಾಳಾದವು. 2023ರ ಅಕ್ಟೋಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಿಗಮ ಮಂಡಳಿಗಳ ಹುದ್ದೆಗಳಿಗೆ ಪರೀಕ್ಷೆ ನಡೆಸಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೇಂದ್ರಗಳಲ್ಲಿ ಬ್ಲೂಟೂತ್ ಇಟ್ಟುಕೊಂಡವರು ಸಿಕ್ಕಿಬಿದ್ದರು. ಆಗ ಅಫಜಲಪುರದ ಹೆಸರೂ ಸುದ್ದಿಯಲ್ಲಿತ್ತು. ಏಳನೇ ತರಗತಿಯಲ್ಲಿ ಪಕ್ಕದವಳ ಪತ್ರಿಕೆಗೆ ಇಣುಕಿದ ಹುಡುಗಿಗೂ ಲಕ್ಷಾಂತರ ರೂಪಾಯಿ ಕೈಬದಲಿಸುವ ಜಾಲಕ್ಕೂ ನೇರ ಸಂಬಂಧ ಕಟ್ಟುವುದು ಅನ್ಯಾಯ. ಇಣುಕಿದ ಮಕ್ಕಳಲ್ಲಿ ಬಹುಪಾಲು ಮುಂದೆ ನೆಟ್ಟಗೆ ದುಡಿದು ಬದುಕುತ್ತಾರೆ. ಆದರೂ ಒಂದು ಹೋಲಿಕೆಯಿಂದ ನಾವು ತಪ್ಪಿಸಿಕೊಳ್ಳಲಾರೆವು. ಖಾಲಿ ಹಾಳೆಯನ್ನು ಬೇರೆ ಯಾರೋ ತುಂಬುತ್ತಾರೆ ಎಂಬ ನಂಬಿಕೆ ಒಬ್ಬ ಇಪ್ಪತ್ತೈದರ ಯುವಕನಿಗೆ ಅಷ್ಟು ಸಹಜವಾಗಿ ಹೇಗೆ ಬಂತು? ಚಿಕ್ಕವನಿದ್ದಾಗ ಅವನ ಖಾಲಿ ಹಾಳೆಯನ್ನು ಶಾಲೆ ಎಷ್ಟು ಸಲ ತುಂಬಿಕೊಟ್ಟಿತ್ತು?

ಹಾಗಾದರೆ ನೀತಿಪಾಠ ಹೆಚ್ಚಿಸಬೇಕೇ? ಸತ್ಯ, ಪ್ರಾಮಾಣಿಕತೆಗಳ ಮೇಲೆ ಪ್ರಾರ್ಥನೆಯ ವೇಳೆಯಲ್ಲಿ ಭಾಷಣ, ಗೋಡೆಯ ಮೇಲೆ ಸುಭಾಷಿತ ಎಲ್ಲ ಶಾಲೆಗಳಲ್ಲೂ ಈಗಾಗಲೇ ಇವೆ. 1920ರ ದಶಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಸುಮಾರು ಹತ್ತು ಸಾವಿರ ಶಾಲಾಮಕ್ಕಳನ್ನು ಪರೀಕ್ಷೆ, ಆಟ, ಮನೆಗೆಲಸದಂಥ ಬೇರೆ ಬೇರೆ ಸಂದರ್ಭಗಳಲ್ಲಿಟ್ಟು ಯಾರು ಎಲ್ಲಿ ಮೋಸ ಮಾಡುತ್ತಾರೆ ಎಂದು ನೋಡಿದರು. 1928ರಲ್ಲಿ ಪ್ರಕಟವಾದ ಅವರ ಫಲಿತಾಂಶ ಇವತ್ತಿಗೂ ಯೋಚಿಸುವಂತೆ ಮಾಡುತ್ತದೆ. ಪ್ರಾಮಾಣಿಕ ಮಕ್ಕಳು, ಅಪ್ರಾಮಾಣಿಕ ಮಕ್ಕಳು ಎಂದು ಎರಡು ಜಾತಿ ಅವರಿಗೆ ಸಿಗಲಿಲ್ಲ. ಲೆಕ್ಕದಲ್ಲಿ ಮೋಸ ಮಾಡಿದ ಮಗು ಆಟದಲ್ಲಿ ಮಾಡಲಿಲ್ಲ, ಆಟದಲ್ಲಿ ಮಾಡಿದ್ದು ದುಡ್ಡಿನಲ್ಲಿ ಮಾಡಲಿಲ್ಲ. ಸರಿ ತಪ್ಪು ಯಾವುದೆಂದು ಬಾಯಲ್ಲಿ ಚೆನ್ನಾಗಿ ಹೇಳಬಲ್ಲ ಮಕ್ಕಳು ಅದರಂತೆ ನಡೆಯುತ್ತಾರೆಂಬ ಖಾತ್ರಿಯೂ ಇರಲಿಲ್ಲ. ಮಗುವನ್ನು ಯಾವ ಸಂದರ್ಭದಲ್ಲಿ ಕೂರಿಸಿದ್ದೀರಿ ಎಂಬುದೇ ಬಹಳಷ್ಟನ್ನು ನಿರ್ಧರಿಸುತ್ತಿತ್ತು. ನಮ್ಮ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಬಾಯಿಪಾಠವಾಗಿದೆ. ಪ್ರಾಮಾಣಿಕರಾಗಿದ್ದರೆ ನಷ್ಟವಾಗದ ಒಂದು ಕೋಣೆಯನ್ನು ನಾವು ಅವರಿಗೆ ಕೊಟ್ಟಿಲ್ಲ.

ಅಷ್ಟಾದರೂ ಮಗುವಿಗೆ ಹೊಣೆಯೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡರ ಹುಡುಗನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿರುತ್ತದೆ. ಚೀಟಿಯನ್ನು ಅಂಗಿಯ ತೋಳಿನೊಳಗೆ ಮಡಚಿಡುವಾಗ ಅವನು ಸುತ್ತ ನೋಡುತ್ತಾನೆ. ‘ಎಲ್ಲಾರೂ ಹೊಡೀತಾರ, ನಾ ಒಬ್ಬನೇ ಯಾಕ ಬಿಡ್ಲಿ’ ಎಂದು ಅವನು ಕೇಳಿದರೆ ಅದಕ್ಕೆ ನೇರ ಉತ್ತರ ಕೊಡಬೇಕು. ಕಾಪಿ ಹೊಡೆದ ಉತ್ತರ ನಿನ್ನದಲ್ಲ, ಅದಕ್ಕೆ ಅಂಕ ಇಲ್ಲ, ನಾಳೆ ನನ್ನ ಮುಂದೆ ಕೂತು ನಿನಗೆ ಬಂದಷ್ಟನ್ನೇ ಬರೆ ಎಂದು ಹೇಳಬೇಕು. ಅಷ್ಟು ಸಾಕು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗುವುದು, ಅಪ್ಪನನ್ನು ಹೊಲದಿಂದ ಕರೆಸಿ ಎಲ್ಲರೆದುರು ಬೈಸುವುದು ಬೇಡ. ಮುಂದಿನ ಸಲ ಸಿಕ್ಕಿಬೀಳದ ಹಾಗೆ ಚೀಟಿ ಇಡುವುದನ್ನಷ್ಟೇ ಅವಮಾನ ಕಲಿಸುತ್ತದೆ.

ಗೆಳೆತನದ ವಿಷಯವನ್ನೂ ಮಕ್ಕಳೊಡನೆ ಬಿಡಿಸಿ ಮಾತಾಡಬೇಕು. ಹಳ್ಳಿಯ ಶಾಲೆಯಲ್ಲಿ ಗೆಳತಿಗೆ ಉತ್ತರ ತೋರಿಸದವಳು ಸ್ವಾರ್ಥಿ. ಬುತ್ತಿ ಹಂಚಿಕೊಂಡು ತಿನ್ನುವ ಮಕ್ಕಳಿಗೆ ಉತ್ತರವನ್ನು ಹಂಚಿಕೊಳ್ಳಬಾರದು ಎಂದರೆ ಅದು ಕ್ರೂರವಾಗಿ ಕೇಳುತ್ತದೆ. ಈ ಔದಾರ್ಯವನ್ನು ಕೆಡಿಸದೆ ಅದಕ್ಕೆ ಸರಿಯಾದ ಜಾಗ ತೋರಿಸಬೇಕು. ಪರೀಕ್ಷೆಯ ಹಿಂದಿನ ವಾರ ಜೋಡಿಜೋಡಿಯಾಗಿ ಕೂರಿಸಿ ಒಬ್ಬರಿಗೊಬ್ಬರು ಹೇಳಿಕೊಡಲಿ. ‘ನಲಿಕಲಿ’ಯಲ್ಲಿ ಚಿಕ್ಕ ಮಕ್ಕಳು ಗುಂಪಿನಲ್ಲಿ ಕೂತು ಕಲಿಯುವುದನ್ನು ಕರ್ನಾಟಕ ಎಷ್ಟೋ ವರ್ಷ ಮಾಡಿ ನೋಡಿದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ವಿದ್ಯೆಯನ್ನು ಮರೆಯಬೇಕು ಎಂಬ ನಿಯಮವೇನೂ ಇಲ್ಲ.

ಮೊಬೈಲಿನ ಮಾತು ಹೆಚ್ಚು ಬೇಡ. ಪ್ರಶ್ನೆಯ ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳು ಹಳ್ಳಿಗೂ ಬಂದಿವೆ, ಇನ್ನೂ ಬರುತ್ತವೆ. ಮನೆಯಲ್ಲಿ ಮಾಡಿ ತಂದ ಚಾರ್ಟ್‌ಗೆ ಅಂಕ ಕೊಡುವುದನ್ನು ನಿಲ್ಲಿಸಿ, ಆ ಚಾರ್ಟ್ ಬಗ್ಗೆ ಮಗುವಿಗೆ ಎರಡು ಪ್ರಶ್ನೆ ಕೇಳಿ ಅದಕ್ಕೆ ಅಂಕ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಉಳಿದದ್ದು ಇಲಾಖೆಯ ಕೆಲಸ. ಇಲ್ಲಿ ಸರ್ಕಾರ ಹಿಡಿದ ಒಂದು ದಾರಿ ತಪ್ಪಿತ್ತು ಎಂದೇ ನಾನು ಭಾವಿಸುತ್ತೇನೆ. ಕಲಿಕೆ ಕುಸಿದಿದೆ ಎಂದು 2023ರಲ್ಲಿ ಐದು ಮತ್ತು ಎಂಟನೇ ತರಗತಿಗೆ, 2024ರಲ್ಲಿ ಒಂಬತ್ತಕ್ಕೂ ಸೇರಿಸಿ, ಮಂಡಳಿ ಮಟ್ಟದ ಪರೀಕ್ಷೆ ನಡೆಸಿದರು. ಹೈಕೋರ್ಟಿನ ಏಕಸದಸ್ಯ ಪೀಠ, ವಿಭಾಗೀಯ ಪೀಠ ಎಂದು ಪ್ರಕರಣ ಅಲೆದಾಡಿ, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಆ ಫಲಿತಾಂಶಗಳಿಗೆ ತಡೆ ಕೊಟ್ಟಿತು. ಕಾನೂನಿನ ತೊಡಕು ಬದಿಗಿರಲಿ. ಎಂಟನೇ ತರಗತಿಗೂ ಬೋರ್ಡ್ ಪರೀಕ್ಷೆಯ ಭಯ ತಂದರೆ ಮುಚ್ಚಿಡುವ ಆಸೆ ಎಂಟನೇ ತರಗತಿಗೂ ಇಳಿಯುತ್ತದೆ. ತಾಲ್ಲೂಕಿನ ಮಾನ, ಮುಖ್ಯಗುರುಗಳ ಮಾನ ಮಗುವಿನ ಉತ್ತರ ಪತ್ರಿಕೆಗೆ ಗಂಟುಬಿದ್ದ ಮೇಲೆ ಆ ಪತ್ರಿಕೆ ನಿಜ ಹೇಳಲಾರದು. ಇದಕ್ಕೆ ಹೋಲಿಸಿದರೆ 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಅವಕಾಶ ಕೊಟ್ಟದ್ದು ಒಳ್ಳೆಯ ನಿರ್ಧಾರ. ಒಮ್ಮೆ ಬಿದ್ದರೂ ಇನ್ನೆರಡು ಸಲ ಬರೆಯಬಹುದು ಎಂಬ ಧೈರ್ಯ ಇರುವ ಮಗುವಿಗೆ ಚೀಟಿಯ ಅಗತ್ಯ ಕಡಿಮೆ. ಆಮೇಲೆ ಪಾಸಿನ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸಿದ್ದರಿಂದ ಮಾತ್ರ ಓದಲು ಬಾರದ ಮಗುವಿಗೆ ಓದು ಬರುವುದಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಾಲೆಗಳಿಗೆ ಹಣ ಕೊಡುತ್ತಿದೆ. ಆ ಹಣ ಕೊಠಡಿಗೆ ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ಆರನೇ ತರಗತಿಗೆ ಬಂದ ಪ್ರತಿ ಮಗುವನ್ನೂ ಜೂನ್ ತಿಂಗಳಲ್ಲೇ ಪಕ್ಕಕ್ಕೆ ಕೂರಿಸಿಕೊಂಡು ಒಂದು ಪುಟ ಓದಿಸಿ, ದಶಕ ತೆಗೆದು ಕಳೆಯುವ ಎರಡು ಲೆಕ್ಕ ಮಾಡಿಸಿ, ಬಂದಷ್ಟನ್ನು ಬಂದಷ್ಟು ಎಂದೇ ಬರೆದಿಡಲು ಒಬ್ಬ ಶಿಕ್ಷಕರಿಗೆ ಮಗುವೊಂದಕ್ಕೆ ಹತ್ತು ನಿಮಿಷ ಸಾಕು, ದುಡ್ಡು ಬೇಕಿಲ್ಲ. ಹಣ ಬೇಕಾಗುವುದು ಅದರ ನಂತರ. ಓದು ಬಾರದವರಿಗೆ ದಿನಕ್ಕೆ ಒಂದು ಗಂಟೆ ಬೇರೆ ಕೂರಿಸಿ ಕಲಿಸುವ ಶಿಕ್ಷಕರಿಗೆ ಅದು ಬೇಕು, ತೊಗರಿ ರಾಶಿಗೆ ಹೋಗಿ ಬಂದ ಮಕ್ಕಳಿಗೆ ಫೆಬ್ರುವರಿಯಲ್ಲಿ ಬಿಟ್ಟ ಪಾಠ ಹಿಡಿಸಲು ಬೇಕು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಿಇಒಗಳು ಮುಂದಿನ ಎಸ್‌ಎ-1ಕ್ಕೆ ಒಂದು ಆದೇಶ ಹೊರಡಿಸಬಹುದು. ಆರರಿಂದ ಎಂಟನೇ ತರಗತಿಯವರೆಗೆ ಬೋರ್ಡ್ ಮೇಲೆ ಉತ್ತರ ಬರೆಯಕೂಡದು. ಮಗು ಖಾಲಿ ಬಿಟ್ಟ ಪ್ರಶ್ನೆಯನ್ನು ಯಾರೂ ತುಂಬಕೂಡದು. ಪ್ರತಿ ಶಾಲೆಯೂ ಅಂಕಗಳ ಜೊತೆಗೆ ಯಾವ ಪ್ರಶ್ನೆಯನ್ನು ಎಷ್ಟು ಮಕ್ಕಳು ಖಾಲಿ ಬಿಟ್ಟರು ಎಂಬ ಪಟ್ಟಿಯನ್ನು ಕಳಿಸಬೇಕು. ಆ ಪಟ್ಟಿ ಉದ್ದವಿದ್ದ ಕಾರಣಕ್ಕೆ ಯಾವ ಮುಖ್ಯಗುರುಗಳಿಗೂ ನೋಟಿಸು ಹೋಗುವುದಿಲ್ಲ, ಉದ್ದವಿದ್ದ ಶಾಲೆಗೆ ಡಿಸೆಂಬರಿನೊಳಗೆ ಹೆಚ್ಚುವರಿ ಶಿಕ್ಷಕರು ಬರುತ್ತಾರೆ ಎಂದು ಆದೇಶದಲ್ಲೇ ಬರೆದಿರಬೇಕು. ಮೊದಲ ವರ್ಷ ಬರುವ ಅಂಕಿಗಳು ನೋಡಲು ಚೆನ್ನಾಗಿರುವುದಿಲ್ಲ. ಆದರೂ ಅವನ್ನು ಹಾಗೆಯೇ ಕಲಬುರಗಿಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೂ, ಅಲ್ಲಿಂದ ಬೆಂಗಳೂರಿಗೂ ಕಳಿಸಲಿ.